ಕೈ ಎತ್ತಿದರೆ ನಿಲ್ಲುವ ಕುದುರೆ

ಕುದುರೆಗೆ ಇನ್ನೂರು ರೂಪಾಯಿ, ಜೀನಿಗೆ ನಲವತ್ತು ಸುರಿದೆಯಲ್ಲ ಎಂದು ಚನ್ನಮಲ್ಲಮ್ಮ ತಮ್ಮ ರೇಣುಕಯ್ಯನನ್ನು ಬೈಯುತ್ತಿದ್ದುದು, ಮಧುಗಿರಿಯಲ್ಲಿ ಬಸ್ಸು ಕಾಯುತ್ತಿದ್ದ ಕುಲ್ಸುಮ್‌ಗೆ ಕೇಳಿಸಿತು. ಅವನ ಕೈಯಲ್ಲಿ ಪುಟ್ಟ ಕುದುರೆಯ ಲಗಾಮಿತ್ತು. ಪಕ್ಕದಲ್ಲಿ ಅಕ್ಕನ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮಗಳು ಪ್ರದರ್ಶನದಾಗೆ ಸವಾರಿ ಮಾಡ್ಬೇಕು, ಒಳ್ಳೇ ಕುದುರೆ ನೋಡ್ಲಾ ಅಂದ್ರೆ ಜಟಕಾ ಕುದುರೆ ತಂದ್ಯಲ್ಲೋ!”

“ನಡಿಗೆ ಚೆಂದಾಗಿತ್ತು ಕಣಕ್ಕ.”

“ಎಲ್ಲಿ ನಡೀತು? ಜನ ಕೈ ಬೀಸ್ದಲ್ಲೆಲ್ಲ ನಿಂತ್ಬುಡ್ತು!”

“ಗಿರಾಕಿ ಅನ್ಕಂಡೈತೆ.”

“ಬಹುಮಾನ ಕೊಡೋ ಜಡ್ಜಿ ಸಾಹೇಬ್ರು ಕೈ ಎತ್ತಿದಾಗ?”

“ಅವ್ರನ್ನೂ ಹತ್ತಿಸ್ಕಳಕ್ಕೆ ಹೋಯ್ತು.”

“ನಗಬ್ಯಾಡ ಕಣ್ಲಾ! ವರ್ಷವೆಲ್ಲ ಕಲ್ತಿದ್ಲು ನನ್ ಕೂಸು.”

ಬಸ್ಸು ಬಂತು. ಚನ್ನಮಲ್ಲಮ್ಮ ಕೈ ಎತ್ತಿದಳು. ತುಂಬಿದ್ದ ಬಸ್ಸು ನಿಲ್ಲದೆ ಹೋಯಿತು. ಕುದುರೆ ಅವಳ ಮುಂದೆ ಬಂದು ನಿಂತಿತು.

“ಕರೆದೋರ್ನ ಬಿಟ್ಟೋಗಲ್ಲಕ್ಕ ಇದು.”

ಅವಳು ಬೈಯುತ್ತಲೇ ಮಗಳನ್ನು ಹತ್ತಿಸಿ, ಜೊತೆಯಲ್ಲಿ ನಡೆದಳು. ಬಹುಮಾನದ ಬೆಳ್ಳಿ ಬಟ್ಟಲು ಕೈತಪ್ಪಿ ಹೋಗಿತ್ತು. ಮಗಳಿಗೆ ತಮ್ಮೂರು ದೊಡ್ಡೇರಿಯವರೆಗೆ ಸವಾರಿ ಸಿಕ್ಕಿತು.