ಎಲ್ಲಿಂದ ಬಂದ್ರು, ಯಾಕೆ ಎದ್ದು ಹೋದ್ರು

ಅಯ್ಯೋ, ಆ ಕುರ್ಚಿ ಬೇಡ ಪುಟ್ಟು, ಅದರ ಕಾಲು ಅಲ್ಲಾಡುತ್ತೆ! ಇಲ್ಲಿ ಬಾ, ಕಿಟಕಿ ಪಕ್ಕ ಕೂತ್ಕೋ. ಕೂತ್ಕೋ ಅಂದ್ನಲ್ಲ! ಎರಡು ವರ್ಷ ಆದ್ಮೇಲೆ ಮೈದುನ ಅತ್ತಿಗೆ ಹೋಟೆಲಿನ ಹೊಸ್ತಿಲು ತುಳಿದಿದ್ದಾನೆ, ಬಂದ ಕಾಲಲ್ಲೇ ಹೊರಟ್ರೆ ನನ್ನ ಮರ್ಯಾದೆ ಏನಾಗ್ಬೇಕು? ಹೆದರ್ಬೇಡ, ನಿಮ್ಮಣ್ಣ ಹಿತ್ತಲ ಬಾಗಿಲಲ್ಲಿದ್ದಾರೆ. ತರಕಾರಿ ಗಾಡಿ ಬಂದಿದೆ. ಒಂದೊಂದು ಟೊಮೆಟೊನೂ ಹಿಚುಕಿ ನೋಡಿ ಇಳಿಸ್ಕೊಳ್ಳೋ ಮನುಷ್ಯ, ಸದ್ಯಕ್ಕೆ ಒಳಗೆ ಬರಲ್ಲ. ಕಾಫಿ ಕುಡೀತೀಯಾ?... ಹೀಗೆ ತಲೆ ಆಡಿಸಿದ್ರೆ ಹೂಂ ಅಂತಾನೋ, ಊಹೂಂ ಅಂತಾನೋ? ಸರಿ ಬಿಡು, ತರ್ತೀನಿ.

ತಗೋ. ಸಕ್ಕರೆ ಜಾಸ್ತಿನೇ ಹಾಕಿದ್ದೀನಿ, ನಿನಗೆ ಹಾಗೇ ತಾನೆ ಇಷ್ಟ.

ಏನು, ಸುತ್ತ ನೋಡ್ತಾ ಇದ್ದೀಯ? ಹೂಂ, ಗೋಡೆಗೆ ಬಣ್ಣ ಹೊಡೆಸಿದ್ವಿ. ಊಟದ ಹೊತ್ತು ಮುಗಿದು ಎಷ್ಟೋ ಹೊತ್ತಾಯ್ತು, ನೋಡು, ಇನ್ನೂ ಟೇಬಲ್ ಒರೆಸಿ ಮುಗಿದಿಲ್ಲ. ಅಷ್ಟು ಜನ! ನೀನು ಬಿಟ್ಟು ಹೋದ ವರ್ಷ ಇದೇ ಜಾಗದಲ್ಲಿ ನಾವು ಗಂಡ-ಹೆಂಡ್ತಿ ಎದುರುಬದುರು ಕೂತು ನೊಣ ಹೊಡೀತಾ ಇದ್ವಿ. ನಿಮ್ಮಣ್ಣ ಮುಖ ಊದಿಸ್ಕೊಂಡು, "ಕಾಲ ಕೆಟ್ಟಿದೆ" ಅಂತ ಒಂದೇ ರಾಗ. ಕಾಲ ಕೆಟ್ಟಿರ್ಲಿಲ್ಲ ಕಣೋ. ನಮ್ಮ ವೆಬ್‌ಸೈಟ್ ಕೆಟ್ಟಿತ್ತು!

ಯಾಕೆ ನಗ್ತೀಯ? ಅತ್ತಿಗೆಗೆ ಒಂದು ಇಮೇಲ್ ಕಳಿಸೋಕೂ ಬರ್ತಿರ್ಲಿಲ್ಲ ಅಂತ ತಾನೆ? ನಗು, ನಗು. ಈಗ ಕೇಳು ನನ್ನನ್ನ, ಅನಲಿಟಿಕ್ಸ್ ಅಂದ್ರೆ ಏನು ಅಂತ!

ನಮ್ಮ ಬೀಗಿತ್ತಿ ಗೊತ್ತಲ್ಲ ನಿನಗೆ? ನನ್ನ ಮಗಳ ಅತ್ತೆ, ಲೆಕ್ಕದ ಟೀಚರಾಗಿ ರಿಟೈರ್ ಆದೋರು. ಮದುವೆ ಮನೇಲೇ ನೋಡಿರ್ತೀಯ, ಊಟದ ಪಂಕ್ತಿ ಮಧ್ಯೆ ಓಡಾಡ್ಕೊಂಡು ಎಲ್ಲರನ್ನೂ ವಿಚಾರಿಸ್ಕೊಳ್ತಿದ್ರು: ಯಾರ ಕಡೆಯೋರು, ಎಲ್ಲಿಂದ ಬಂದ್ರಿ, ಯಾಕೆ ಬೇಗ ಎದ್ರಿ, ಪಲ್ಯ ಯಾಕೆ ಬಿಟ್ರಿ... ಹೂಂ, ಅವರೇ! ನಾಲ್ಕು ದಿನ ಇರ್ತೀನಿ ಅಂತ ಬಂದವರು ಗಲ್ಲಾ ಪಕ್ಕ ಕೂತು, "ಬೀಗ್ರೇ, ನಿಮ್ಮ ವೆಬ್‌ಸೈಟಿಗೆ ಯಾರು ಬರ್ತಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ?" ಅಂದ್ರು. ನಿಮ್ಮಣ್ಣ, "ವೆಬ್‌ಸೈಟಿಗೆ ಯಾರ್ರೀ ಬರ್ತಾರೆ, ಜನ ಹೋಟೆಲಿಗೆ ಬರ್ತಾರೆ" ಅಂದ್ರು. ಮುಗೀತು! ಬೀಗಿತ್ತಿಗೆ ರೋಷ ಬಂತು. ಅವತ್ತೇ ಕೂತು ವೆಬ್‌ಸೈಟಿಗೆ ಈ ಅನಲಿಟಿಕ್ಸ್ ಜೋಡಿಸಿ, ನನ್ನ ಫೋನಲ್ಲಿ ತೆರೆದು ತೋರಿಸಿದ್ರು. ನೋಡ್ತೀನಿ, ಥೇಟ್ ಬೀಗಿತ್ತಿನೇ! ಯಾರು ಬಂದ್ರು, ಎಲ್ಲಿಂದ ಬಂದ್ರು, ಎಷ್ಟು ಹೊತ್ತು ಕೂತ್ರು, ಏನು ನೋಡಿದ್ರು, ಎಲ್ಲಿ ಬೇಜಾರಾಗಿ ಎದ್ದು ಹೋದ್ರು... ಒಂದನ್ನೂ ಬಿಡಲ್ಲ!

ಮೊದಲನೇ ದಿನವೇ ಮರ್ಯಾದೆ ಹೋಯ್ತು. ಬಂದೋರೆಲ್ಲ ಸೀದಾ ಮೆನು ತೆರೀತಾರೆ, ತೆರೆದ ತಕ್ಷಣ ಓಡಿ ಹೋಗ್ತಾರೆ. ಯಾಕೆ? ನಿಮ್ಮಣ್ಣ ಗೋಡೆಗೆ ಹಾಕಿದ್ರಲ್ಲ ಆ ದೊಡ್ಡ ಮೆನು ಹಾಳೆ, ಸುತ್ತ ಬಳ್ಳಿ ಚಿತ್ರ ಬರೆಸಿದ್ದು, ಅದರದ್ದೇ ಫೋಟೋ ಹೊಡೆದು ಹಾಕಿಬಿಟ್ಟಿದ್ರು! ಫೋನಲ್ಲಿ ಅದು ತೆರ್ಕೊಳೋಷ್ಟರಲ್ಲಿ ಹಸಿವೇ ಹೋಗಿರುತ್ತೆ. ತೆರೆದ್ರೂ ಕಾಣೋದು ಬರೀ ಬಳ್ಳಿ! ಅದನ್ನ ಕಿತ್ತು ಹಾಕಿ, ನಾನೇ ಒಂದೊಂದು ಐಟಂ ಕೂತು ಟೈಪ್ ಮಾಡ್ದೆ. ಒಂದೇ ಬೆರಳಲ್ಲಿ. ನಗ್ಬೇಡ ಅಂದೆ!

ಆಮೇಲೆ ಟೇಬಲ್ ಬುಕ್ ಮಾಡೋ ಪುಟ. ಅರ್ಧಕ್ಕೆ ಬಂದು ಎಲ್ಲರೂ ಓಟ. ನೋಡಿದ್ರೆ ಅಲ್ಲಿ ಹುಟ್ಟಿದ ದಿನಾಂಕ ಕೇಳ್ತಿತ್ತು! ಊಟಕ್ಕೆ ಬರೋರ ಹುಟ್ಟಿದ ದಿನ ನಿಮಗ್ಯಾಕ್ರೀ ಅಂದ್ರೆ, "ಶುಭಾಶಯ ಕಳಿಸೋಣ ಅಂತ" ಅಂದ್ರು ನಿಮ್ಮಣ್ಣ. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲನಾದ್ರೂ ನನ್ನ ಹುಟ್ಟಿದ ದಿನ ನೆನಪಿಟ್ಕೊಂಡ ಪುಣ್ಯಾತ್ಮನಾ ಅದು? ಹೆಸರು, ಫೋನ್ ನಂಬರ್ ಸಾಕು ಅಂತ ಮಾಡ್ದೆ. ಇನ್ನು ಜಾಹೀರಾತು... ರಾತ್ರಿ ಜನ ಹೊಟ್ಟೆ ತುಂಬ ಉಂಡು ಮಲಗೋ ಹೊತ್ತಲ್ಲಿ ನಮ್ಮ ಜಾಹೀರಾತು ಕುಣೀತಾ ಇತ್ತು! ಜನ ನಮ್ಮನ್ನ ಹುಡುಕ್ತಿದ್ದದ್ದು ಮಧ್ಯಾಹ್ನಕ್ಕೆ ಮುಂಚೆ, ಆಫೀಸಲ್ಲಿ ಕೂತು ಆಕಳಿಸೋ ಹೊತ್ತಲ್ಲಿ. ಆ ಹೊತ್ತಿಗೆ ಬದಲಾಯಿಸಿದ್ವಿ. ನೋಡ್ತಾ ನೋಡ್ತಾ ಜನ ಬಂದ್ರು ಪುಟ್ಟು! ಒಂದು ದಿನ ಬಾಗಿಲ ಹೊರಗೆ ಸಾಲು ನಿಂತಿತ್ತು. ನಿಮ್ಮಣ್ಣ ಗಾಬರಿಯಾಗಿ, "ಏನಾಯ್ತು, ಯಾರಿಗಾದ್ರೂ ಏನಾದ್ರೂ ಆಯ್ತಾ?" ಅಂತ ಓಡಿ ಬಂದ್ರು!

ಹಾಂ... ಈಗ ಸರಿಯಾಗಿ ನಕ್ಕೆ. ಆ ನಗು ನೋಡಿ ಎಷ್ಟು ದಿನ ಆಗಿತ್ತು.

ಬಿಸ್ಕೆಟ್ ತಗೋ.

ಇನ್ನೊಂದು ಇತ್ತು. ಜನ ಏನು ಬರೆದು ಹುಡುಕ್ಕೊಂಡು ನಮ್ಮಲ್ಲಿಗೆ ಬರ್ತಾರೆ ಅಂತ್ಲೂ ಅದು ತೋರಿಸುತ್ತೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಏನು ಹೇಳು?... ಹೇಳಲ್ವಾ? ಕೆಂಡದ ಮೀನು. ಹೂಂ, ನಿನ್ನ ಕೆಂಡದ ಮೀನೇ! ನೀನು ಏಪ್ರನ್ ಬಿಚ್ಚಿ ಒಲೆ ಮುಂದೆ ಎಸೆದು ಹೋಗಿ ಅಷ್ಟು ಕಾಲ ಆಗಿತ್ತು, ಜನ ಇನ್ನೂ ಅದನ್ನೇ ಹುಡುಕ್ತಾ ಇದ್ರು. ಬರ್ತಾರೆ, ಮೆನು ನೋಡ್ತಾರೆ, ಮೀನಿಲ್ಲ, ಹೋಗ್ತಾರೆ.

ನಿಮ್ಮಣ್ಣನಿಗೆ ಹೇಳ್ದೆ. ಅವತ್ತು ಜಗಳದಲ್ಲಿ ಅಂದಿದ್ರಲ್ಲ ನಿನಗೆ, "ಜನ ಬರೋದು ನನ್ನ ಹೆಸರು ನೋಡಿ, ನಿನ್ನ ಮೀನಿಗಲ್ಲ" ಅಂತ... ಅದು ನೆನಪಾಯ್ತೋ ಏನೋ. ಮಾರನೇ ದಿನ ಬೆಳಿಗ್ಗೆ ತಾವೇ ಮೀನು ತಂದು, ತಾವೇ ಕೆಂಡ ಮಾಡಿ, ತಾವೇ ಸುಡೋಕೆ ನಿಂತ್ರು. ಅಯ್ಯಯ್ಯೋ! ಹೊರಗೆ ಇದ್ದಲು, ಒಳಗೆ ಹಸಿ! ಅಡುಗೆಮನೆ ತುಂಬ ಹೊಗೆ, ಪಕ್ಕದ ಔಷಧಿ ಅಂಗಡಿಯೋರು ಬಕೆಟ್ ನೀರು ಹಿಡ್ಕೊಂಡು ಓಡಿ ಬಂದ್ರು! ತಿಂದ ಒಬ್ರು, "ಮೀನಿಗೆ ಅಂತ್ಯಸಂಸ್ಕಾರ ಚೆನ್ನಾಗಿ ಆಗಿದೆ" ಅಂತ ರಿವ್ಯೂ ಬರೆದ್ರು. ಅಲ್ಲಿಗೆ ಮೀನಿನ ಸುದ್ದಿ ನಿಂತುಹೋಯ್ತು.

ಆಮೇಲಾ? ಆಮೇಲೆ ಏನಿಲ್ಲ. ಏನೋ ಒಂದು ಸಣ್ಣ... ಬಿಡು, ವೆಬ್‌ಸೈಟಲ್ಲಿ ಏನೋ ಚಿಲ್ಲರೆ ಬದಲಾವಣೆ. ನಿನಗೆ ಬೋರ್ ಆಗುತ್ತೆ.

ನಿನ್ನ ಸುದ್ದಿ ಹೇಳು! ಇತ್ತೀಚೆಗೆ ನಿನ್ನ ಹೋಟೆಲೂ ತುಂಬ್ತಾ ಇದೆ ಅಂತ ಕೇಳ್ದೆ. ಕೇಳೋದೇನು, ಇದೇ ಕಿಟಕೀಲಿ ಕಾಣುತ್ತಲ್ಲ, ರಸ್ತೆ ದಾಟಿದ್ರೆ ನಿನ್ನ ಬಾಗಿಲು. ಮುಚ್ತೀಯ ಅಂತ ಯಾರೋ ಅಂದಿದ್ರು, ನೋಡಿದ್ರೆ ನಿಂತು ಕಾಯೋಷ್ಟು ಜನ! ಹೇಗಪ್ಪಾ? ಇದ್ದಕ್ಕಿದ್ದ ಹಾಗೆ? ಏನೋ ಅದೃಷ್ಟ ಖುಲಾಯಿಸಿತು ಅನ್ನು. ಕೈ ರುಚಿ ಇದ್ರೆ ಜನ ಹೇಗಾದ್ರೂ ಹುಡುಕ್ಕೊಂಡು ಬರ್ತಾರೆ ಅನ್ನು... ಅಲ್ವಾ?

ಏನು ಹಾಗೆ ನೋಡ್ತಾ ಇದ್ದೀಯ?

ಕಾಫಿ ಆರುತ್ತೆ, ಕುಡಿ. ...ಏನದು, ಫೋನ್ ಯಾಕೆ ನನ್ನ ಕಡೆ ತಳ್ತೀಯ? ಫೋಟೋನಾ? ತಡಿ, ಕನ್ನಡಕ... ಏನಿದು, ಬಣ್ಣದ ಪಟ್ಟಿ ಪಟ್ಟಿ... ಓ. ನೀನೂ ಅನಲಿಟಿಕ್ಸ್ ಹಾಕ್ಸಿದ್ದೀಯಾ? ಜಾಣ! "ಎಲ್ಲಿಂದ ಬಂದ್ರು"... ಹೂಂ... ಎಲ್ಲಕ್ಕಿಂತ ಉದ್ದದ ಪಟ್ಟಿ...

ನಮ್ಮ ವೆಬ್‌ಸೈಟ್ ಹೆಸರು ಹೇಗೆ ಬಂತು ಇಲ್ಲಿ ಅಂತಾನಾ? ಅದೇ ನನಗೂ ಆಶ್ಚರ್ಯ! ಕೆಲವು ಸಲ ಈ ಮಿಷಿನ್‌ಗಳು ತಪ್ಪು ತೋರಿಸ್ತವೆ ಕಣೋ, ಬೀಗಿತ್ತಿನೇ ಹೇಳ್ತಿದ್ರು...

ಪುಟ್ಟು, ಹಾಗೆ ಸುಮ್ನೆ ಕೂರ್ಬೇಡ. ಏನಾದ್ರೂ ಅನ್ನು. ಬೈ ಬೇಕಾದ್ರೆ.

ಸರಿ! ಹಾಕ್ದೆ! ನಾನೇ ಹಾಕ್ದೆ. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದೇ ಸಾಲು. "ಕೆಂಡದ ಮೀನು ಬೇಕಾದವರು ಎದುರಿನ ಹೋಟೆಲಿಗೆ ಹೋಗಿ." ಒತ್ತಿದ್ರೆ ನಿನ್ನ ಪುಟ ತೆರ್ಕೊಳ್ಳುತ್ತೆ. ಅಷ್ಟೇ. ಅದರಲ್ಲೇನಿದೆ? ವ್ಯಾಪಾರ ಕಣೋ! ಮೀನಿಲ್ಲ ಅಂತ ಅಂದ್ರೆ ಬೈಕೊಂಡು ಹೋಗ್ತಾರೆ, ದಾರಿ ತೋರಿಸಿದ್ರೆ ನಮ್ಮನ್ನೂ ನೆನಪಿಟ್ಕೊಳ್ತಾರೆ. ಅಲ್ಲಿ ಮೀನು ತಿಂದೋರೇ ಇನ್ನೊಂದು ದಿನ ಇಲ್ಲಿಗೆ ಸೂಪಿಗೆ ಬರ್ತಾರೆ. ಅಂಕಿಅಂಶ ಇದೆ, ತೋರಿಸ್ಲಾ? ನಿನ್ನ ಮೇಲಿನ ಮಮಕಾರಕ್ಕೆ ಅಂತ ತಿಳ್ಕೋಬೇಡ!

...ಹೌದಪ್ಪಾ, ಅವರು ವಾಪಸ್ ಬರ್ತಾರೆ ಅಂತ ಗೊತ್ತಾಗಿದ್ದು ಆಮೇಲೆ. ಹಾಕಿದಾಗ ಗೊತ್ತಿರ್ಲಿಲ್ಲ. ಹಾಗೆ ನೋಡ್ಬೇಡ ಅಂದೆ.

ಒಂದು ದಿನ ಮಧ್ಯಾಹ್ನ ನಾನು ಇಲ್ಲೇ ನಿಂತಿದ್ದೆ. ನಿನ್ನ ಹೋಟೆಲಲ್ಲಿ ಒಂದು ನರಪಿಳ್ಳೆ ಇಲ್ಲ. ನೀನು ಟೇಬಲ್ ಒರೆಸ್ತಾ ಇದ್ದೆ. ಒರೆಸಿದ ಟೇಬಲನ್ನೇ ಮತ್ತೆ ಒರೆಸ್ತಾ ಇದ್ದೆ. ಚಮಚ ಜೋಡಿಸ್ದೆ, ಸ್ವಲ್ಪ ಹೊತ್ತು ಬಾಗಿಲು ನೋಡ್ತಾ ನಿಂತೆ, ಆಮೇಲೆ ಎಲ್ಲಾ ಚಮಚ ತಿರುಗಿ ಒಳಗೆ ತಗೊಂಡು ಹೋದೆ... ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನೀನಿನ್ನೂ ಸ್ಕೂಲಿಗೆ ಹೋಗ್ತಿದ್ದೆ ಪುಟ್ಟು. ನನ್ನ ಕೈಯಲ್ಲೇ ಉಂಡು ಬೆಳೆದೋನು. ಅವತ್ತು ನನ್ನ ತಟ್ಟೇನ ಹಾಗೇ ಎತ್ತಿಟ್ಟೆ. ಅದಕ್ಕೆ ಹಾಕ್ದೆ. ಸಾಕಾ? ಹೇಳಿಸ್ಬಿಟ್ಯಲ್ಲ ಬಾಯಿ ಬಿಡ್ದೆ!

ನಿಮ್ಮಣ್ಣನಿಗೆ ಮಾತ್ರ ಹೇಳ್ಬೇಡ. ಅವರಿಗೆ ಗೊತ್ತಾದ್ರೆ ಕೆಂಡ ನನ್ನ ತಲೆ ಮೇಲೆ... ಏನು? ಎಲ್ಲಿ ನೋಡ್ತಾ ಇದ್ದೀಯ? ನನ್ನ ಹಿಂದೆ ಏನಿದೆ?

...ಅಯ್ಯೋ. ರೀ. ಯಾವಾಗಿಂದ ನಿಂತಿದ್ದೀರಿ ಅಲ್ಲಿ?

ಬೈಯೋದಿದ್ರೆ ನನಗೆ ಬೈರಿ, ಇವನದ್ದೇನೂ ತಪ್ಪಿಲ್ಲ. ಇವನಿಗೂ ಈಗ್ಲೇ ಗೊತ್ತಾಗಿದ್ದು... ಪುಟ್ಟು, ಏಳ್ಬೇಡ, ಕೂತ್ಕೋ! ಏನಂದ್ರಿ? ಜೋರಾಗಿ ಹೇಳಿ. "ಅಕ್ಷರ ತೀರಾ ಸಣ್ಣದಾಯ್ತು" ಅಂದ್ರಾ? ಯಾವ ಅಕ್ಷರ, ಈ ಫೋನಲ್ಲಿರೋದಾ? ನೀವು ಫೋನ್ ನೋಡೇ ಇಲ್ವಲ್ರೀ. ಅದೂ ಅಲ್ದೆ ಇದರಲ್ಲಿ ಬರೀ ಪಟ್ಟಿ ಇದೆ, ಆ ಸಾಲೇ ಇಲ್ಲ...

ರೀ! ಪುಟದ ಕೊನೆವರೆಗೂ ಓದಿದ್ರಾ ನೀವು? ಯಾವಾಗ? ಓದಿ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಾ ಇದ್ರಾ?

ಕೇಳಿಸ್ತೇನೋ ಪುಟ್ಟು? ಆ ಸಾಲನ್ನ ಪುಟದ ಮೇಲ್ತುದೀಲಿ, ದಪ್ಪ ಅಕ್ಷರದಲ್ಲಿ ಹಾಕ್ಬೇಕಂತೆ. ನಿಮ್ಮಣ್ಣ ಹೇಳ್ತಾ ಇದ್ದಾರೆ... ಮತ್ತೆ ಇಬ್ರೂ ಯಾಕೆ ನೆಲ ನೋಡ್ತಾ ನಿಂತಿದ್ದೀರಿ? ಇಷ್ಟು ಹೊತ್ತೂ ನಾನೊಬ್ಳೇ ಮಾತಾಡಿ ಬಾಯಿ ನೋಯ್ತಾ ಇದೆ. ತರಕಾರಿ ನಾನು ಇಳಿಸ್ಕೊಳ್ತೀನಿ. ಈಗ ನೀವಿಬ್ರೂ ಮಾತಾಡಿ.