ಮುಳ್ಳು ನಲವತ್ತರಲ್ಲೇ ಇತ್ತು

ಅಯ್ಯೋ, ನಾನು ನಗಬೇಡ್ವೇನೇ! ಸ್ಪೀಡೋಮೀಟರ್ ಮುಳ್ಳಿಗೆ ಗಾಡಿ ವೇಗ ಹೇಗೆ ಗೊತ್ತಾಗತ್ತೆ ಅಂತ ಕೇಳಿದ್ದು ನೀನು. ಹದಿನಾಲ್ಕು ವರ್ಷ ಗ್ಯಾರೇಜಿನವನ ಜೊತೆ ಸಂಸಾರ, ಹನ್ನೊಂದು ವರ್ಷ ಸ್ಕೂಲ್ ವ್ಯಾನಿನ ಸ್ಟೀರಿಂಗು... ಇವತ್ತು ಜ್ಞಾನೋದಯ ಆಯ್ತಾ? ಆಗಲಿ, ಆಗಲಿ. ಕೂತ್ಕೋ. ಎಡಗೈ ಯಾಕೆ ಮೇಜಿನ ಕೆಳಗೆ? ಸುಟ್ಕೊಂಡ್ಯಾ? ಇಲ್ವಾ? ಸರಿ ಬಿಡು.

ಈ ಲೋಟ ಇದೆಯಲ್ಲ, ಇದು ಗೇರ್‌ಬಾಕ್ಸಿನ ಒಳಗೆ ತಿರುಗೋ ಚಕ್ರ ಅನ್ಕೋ. ಎಂಟು ಹಲ್ಲು. ಈ ಡಬ್ಬಿ ಮುಚ್ಚಳ ಅದಕ್ಕೆ ಕಚ್ಕೊಂಡಿರೋ ಇನ್ನೊಂದು ಚಕ್ರ. ಹದಿನಾರು ಹಲ್ಲು. ಇದಕ್ಕೇ ಕೇಬಲ್ಲು, ಕೇಬಲ್ ತುದಿಗೆ ನಿನ್ನ ಮುಳ್ಳು. ಲೋಟ ಸಾವಿರ ಸುತ್ತು ಸುತ್ತಿದ್ರೆ ಎಷ್ಟು ಹಲ್ಲು ದಾಟ್ತು? ಎಂಟು ಸಾವಿರ. ಹದಿನಾರರಿಂದ ಭಾಗಿಸು. ಹೂಂ, ಬರಿ, ಬರಿ... ಐನೂರು! ಭೇಷ್! ಮುಚ್ಚಳ ಐನೂರು ಸುತ್ತು...

ಅಯ್ಯಯ್ಯೋ, ಆ ಕಾಗದದ ಹಿಂದೆ ಬರೀತಿದ್ದೀಯಾ! ನಾಳೆ ಹತ್ತು ಗಂಟೆಗೆ ಹೆಡ್‌ಮೇಡಂಗೆ ಕೊಡೋ ಕ್ಷಮಾಪಣೆ ಪತ್ರ ಕಣೇ ಅದು! ಇನ್ನೂ ಸಹಿ ಹಾಕಿಲ್ವಾ? ಹಾಕ್ಬಿಡೇ. "ಅವಸರದಲ್ಲಿ ಜೋರಾಗಿ ಓಡಿಸಿದೆ, ಕ್ಷಮಿಸಿ"... ಅಷ್ಟೇ ತಾನೇ? ರಸ್ತೆಗೆ ನಲವತ್ತರ ನಿಯಮ, ಪೊಲೀಸರ ಮಷೀನು ಐವತ್ತು ತೋರಿಸ್ತು. ಮುಳ್ಳು ನಲವತ್ತರಲ್ಲೇ ಇತ್ತು ಅಂತ ನೀನು ಎಷ್ಟು ಬಾಯಿ ಬಡ್ಕೊಂಡ್ರೂ ಯಾರು ನಂಬ್ತಾರೆ? ತಗ್ಗಿ ಬಗ್ಗಿ ಕ್ಷಮೆ ಕೇಳಿದ್ರೆ ಕೆಲಸ ಉಳಿಯತ್ತೆ. ಉಳಿದ್ರೂ ಉಳಿಯಬಹುದು...

ಹಾಗೆ ದುರುಗುಟ್ಕೊಂಡು ನೋಡ್ಬೇಡ! ವಾರವೆಲ್ಲ "ಪೈಲಟ್ ಅಮ್ಮಾವ್ರು" ಅಂತ ರೇಗಿಸಿದ್ದಕ್ಕಾ? ತಮಾಷೆಗಪ್ಪಾ! ಮಗಳಂತೂ ಇನ್ಮೇಲೆ ಅಮ್ಮನ ವ್ಯಾನ್ ಹತ್ತೋದೇ ಇಲ್ಲ, ನಡ್ಕೊಂಡೇ ಹೋಗ್ತೀನಿ ಅಂತಾಳೆ, ಹಹ್ಹಾ... ನಗು ಬರಲಿಲ್ವಾ? ಮೆಲ್ಲಗೆ, ಒಳಗೆ ಓದ್ತಿದ್ದಾಳೆ.

ಮತ್ತೇನೋ ಬರೀತಿದ್ದೀಯಲ್ಲ? ಇಪ್ಪತ್ತಾ? ನಾನು ಹೇಳಿದ್ದು ಹದಿನಾರು. ಎಲ್ಲಿಂದ ಬಂತು ಇಪ್ಪತ್ತು? ಸುಮ್ನೆ, ಇರಲಿ ಅಂತಾನಾ? ಸರಿ... ಎಂಟು ಸಾವಿರವನ್ನ ಇಪ್ಪತ್ತರಿಂದ... ನಾನೂರು. ಹೂಂ. ಹಲ್ಲು ಜಾಸ್ತಿ ಆದ್ರೆ ಸುತ್ತು ಕಮ್ಮಿ. ಐನೂರು ತಿರುಗಬೇಕಾದ ಕಡೆ ನಾನೂರು. ಗಾಡಿ ಐವತ್ತರಲ್ಲಿ ಹೋದ್ರೂ ಮುಳ್ಳು... ಬಿಡೇ, ತಲೆ ತಿನ್ನೋ ಲೆಕ್ಕ. ಟೀ ಇದೆಯಾ?

ಇಲ್ವಾ. ಸರಿ.

ಹೌದು, ಹೋದ ತಿಂಗಳು ನಿನ್ನ ವ್ಯಾನಿನ ಆ ಎರಡನೇ ಚಕ್ರ ಬದಲಾಯಿಸಿದ್ದು ನಾನೇ. ಹಳೇದು ಸವೆದಿತ್ತು, ಗ್ಯಾರೇಜಿನ ಡಬ್ಬೀಲಿದ್ದ ಇನ್ನೊಂದು ಹಾಕ್ದೆ. ನೋಡಕ್ಕೆ ಎರಡೂ ಅವಳಿಜವಳಿ. ಎಣಿಸಿದ್ಯಾ ಅಂತ ಹುಬ್ಬಲ್ಲೇ ಕೇಳ್ಬೇಡ! ಎಣಿಸೋದೆಲ್ಲ ಹೊಸಬರ ಕೆಲಸ. ಅವರಿಗೆ ನಾನೇ ಹೇಳಿಕೊಡೋದು, ಒಂದು ಹಲ್ಲಿಗೆ ನೇಲ್ ಪಾಲಿಶ್ ಚುಕ್ಕಿ ಇಟ್ಟು ಅಲ್ಲಿಂದ ಎಣಿಸ್ರೋ, ಇಲ್ದಿದ್ರೆ ಸುತ್ತು ಬಂದು ಮೊದಲನೇ ಹಲ್ಲನ್ನೇ ಮತ್ತೆ ಎಣಿಸ್ತೀರಾ ಅಂತ. ನನಗೆ ಕಣ್ಣಳತೆ ಸಾಕು. ನಾನು ಎಣಿಸಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಏನದು ಎಡಗೈಯಲ್ಲಿ? ಆ ಚಕ್ರಾನಾ?

ನೀನೇ ಬಿಚ್ಚಿದ್ಯಾ? ವ್ಯಾನಿನ ಕೆಳಗೆ ನುಗ್ಗಿ? ಯಾವಾಗ? ಮೊಣಕೈ ತನಕ ಎಣ್ಣೆ...

ಕೆಂಪು ಚುಕ್ಕಿ... ಹೂಂ, ಇದೆ. ಕಾಣ್ತಿದೆ. ನೀನೇ ಎಣಿಸಕ್ಕೆ ಇಟ್ಟಿದ್ದಿರಬೇಕು... ಅಲ್ವಾ? ಬಿಚ್ಚಿದಾಗ್ಲೇ ಇತ್ತಾ? ಬೈಯಿ.

ಬುಧವಾರ. ನೀನು ಸ್ನಾನಕ್ಕೆ ಹೋಗಿದ್ದಾಗ, ಮಗಳ ನೇಲ್ ಪಾಲಿಶ್ ಬಾಟ್ಲಿ ತಗೊಂಡು ನಾನೇ ಇಟ್ಟಿದ್ದು. ಎರಡು ಸಲ ಎಣಿಸ್ದೆ. ಎರಡು ಸಲವೂ ಇಪ್ಪತ್ತೇ. ತಿರುಗಿ ಅಲ್ಲೇ ಹಾಕ್ಬಿಟ್ಟೆ. ಸರಿಯಾದ್ದು ತಂದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ಗ್ಯಾರೇಜಿಗೆ ಗೊತ್ತಾದ್ರೆ, ಇಷ್ಟು ವರ್ಷದ ಮೇಸ್ತ್ರಿ ಹಲ್ಲು ಎಣಿಸದೇ ಚಕ್ರ ಹಾಕ್ದ ಅಂತ... ನಾಚಿಕೆ ಆಯ್ತು ಕಣೇ. ನಿನ್ನ ಕೆಲಸ ಹೋದ್ರೂ ಪರವಾಗಿಲ್ಲ ಅಂತ ಅಲ್ಲ... ಅಲ್ಲ, ನಾನು ಮಾಡಿದ್ದು ಅದೇ ಆಯ್ತಲ್ವಾ.

ನಿನಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ಬಾಯಿಂದಲೇ ಬರಲಿ ಅಂತ ಪಾಠ ಕೇಳಿದೆ. ನಾನು ಲೋಟ, ಮುಚ್ಚಳ ಇಟ್ಕೊಂಡು...

ನಾಳೆ ನಾನೂ ಬರ್ತೀನಿ. ಇದನ್ನ ಹೆಡ್‌ಮೇಡಂ ಮೇಜಿನ ಮೇಲೆ ಇಟ್ಟು ತಪ್ಪು ನಂದು ಅಂತೀನಿ. ಸಾಲ್ದಾ? ಮತ್ತೆ ಒಳಗ್ಯಾಕೆ ನೋಡ್ತಿದ್ದೀಯ?

ಅವಳಿಗಾ? ಹೆಡ್‌ಮೇಡಂಗೆ ಹೇಳ್ಬಹುದು ಕಣೇ, ಪೊಲೀಸರಿಗೂ ಹೇಳ್ಬಹುದು... ಅವಳಿಗೆ ಹೇಗೆ ಹೇಳ್ಲಿ?

ಆಯ್ತು. ಆಯ್ತು, ಏಳ್ಬೇಡ, ನಾನೇ ಕರೀತೀನಿ.

ಪುಟ್ಟೀ... ಪುಸ್ತಕ ಮುಚ್ಚಿಟ್ಟು ಬಾ ಮಗಳೇ. ಇಲ್ಲಿ, ನನ್ನ ಪಕ್ಕ ಬೇಡ. ಅಮ್ಮನ ಪಕ್ಕ ಕೂತ್ಕೋ.