ಎಂಟು ಅಡಿಯ ಪಾಯ

ಮಾನ್ಯ ಅಧ್ಯಕ್ಷರಾದ ಪಟ್ಟಾಭಿರಾಮ ಅವರೇ, ವಡೋದರಾ ಮತ್ತು ಸೂರತ್‌ನಿಂದ ಈ ಬಿಸಿಲಿನಲ್ಲಿ ರೈಲು ಹತ್ತಿ ಬಂದಿರುವ ಅತಿಥಿಗಳೇ, ಅಹಮದಾಬಾದಿನ ನಮ್ಮ ಕನ್ನಡ ಬಳಗದ ಸಭಿಕರೇ,

ನನ್ನ ಗಂಡನಿಗೂ ನನಗೂ ತಾವು ಏರ್ಪಡಿಸಿದ ಈ ಬೀಳ್ಕೊಡುಗೆ ನೋಡಿ ನನಗೆ ಮಾತೇ ಹೊರಡುತ್ತಿಲ್ಲ. ಮದುವೆಯಾಗಿ ನಾಲ್ಕೇ ತಿಂಗಳು, ಆಗಲೇ ಎರಡನೆಯ ಸಲ ಹಾರ! ಕಾನ್ವೆಂಟಿನಲ್ಲಿ ಓದಿದವಳು, ಕನ್ನಡ ತಪ್ಪಿದರೆ ನಮ್ಮ ಬಳಗದ ಹಿರಿಯರಾದ ಗೌರಮ್ಮನವರು ಅಲ್ಲಿಂದಲೇ ತಿದ್ದಲಿ.

ನೇಪಾಳದ ಭಕ್ತಪುರದ ಹತ್ತಿರ ನಾವೆಲ್ಲ ಸೇರಿ ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸುತ್ತಿದ್ದೇವೆ. ಸೂರತ್‌ನ ಕತಾರ್‌ಗಾಮ್ ಬಡಾವಣೆಯ ಗೆಳೆಯರು ಹಾಸಿಗೆಗಳಿಗೆ ಬಟ್ಟೆ ಕೊಟ್ಟಿದ್ದಾರೆ. ಪಾಯದ ಕೆಲಸ ಎಂಜಿನಿಯರ್ ಆದ ನನ್ನ ಯಜಮಾನರದು. ನವದಂಪತಿಯೇ ಭೂಮಿಪೂಜೆಗೆ ಕೂರಬೇಕು ಎಂದು ಗೌರಮ್ಮನವರು ಹೇಳಿದಾಗ ನಾನು ಕುಣಿದಾಡಿಬಿಟ್ಟೆ. ಹಿಮಾಲಯ! ಅದೂ ಇವರ ಜೊತೆ! "ಏನೇ ನಳಿನಿ, ಗಂಡನ ಜೇಬು ಹಿಡ್ಕೊಂಡೇ ಓಡಾಡ್ತೀಯಾ?" ಎಂದು ಗೌರಮ್ಮನವರು ಕೇಳಿದರು. ಹೌದು, ಓಡಾಡುತ್ತೇನೆ. ಏನು ತಪ್ಪು?

ಇವರು ಎಂಥವರು ಎಂದರೆ, ಮದುವೆಯಾದ ವಾರವೇ ನನ್ನನ್ನು ಸಿನಿಮಾಕ್ಕೆ ಎಂದು ಹೊರಡಿಸಿ, ಇಲ್ಲೇ ವಸ್ತ್ರಾಪುರದಲ್ಲಿ ಕಟ್ಟಡ ಕಟ್ಟುವ ಜಾಗದಲ್ಲಿ ಒಂದು ಗುಂಡಿ ತೋರಿಸಿದವರು. ಹೊಸ ಸೀರೆಯಲ್ಲಿ ಬಗ್ಗಿ ನೋಡಿದೆ. "ಮೇಲಿನ ಗೋಡೆ ಯಾರು ಬೇಕಾದ್ರೂ ನೋಡ್ತಾರೆ. ನೀನು ಇದನ್ನ ನೋಡು" ಎಂದರು. ಭೂಮಿ ನಡುಗಿದಾಗ ಒಂದೊಂದು ಕಂಬ ಒಂದೊಂದು ಕಡೆ ಓಡದಂತೆ, ಎಲ್ಲದರ ಬುಡವನ್ನೂ ಕಾಂಕ್ರೀಟ್ ತೊಲೆಯಿಂದ ಒಂದಕ್ಕೊಂದು ಕಟ್ಟಬೇಕಂತೆ. ಆ ಬುಡಗಳೆಲ್ಲ ಗಟ್ಟಿ ನೆಲ ಮುಟ್ಟಬೇಕಂತೆ. ನನಗೆ ಅರ್ಥವಾದದ್ದು ಕಡಿಮೆ. ಆದರೆ ಅವರ ಮುಖ ಎಷ್ಟು ಚೆನ್ನಾಗಿತ್ತು!

ಇವರ ವರದಿಗಳನ್ನು ಟೈಪ್ ಮಾಡುವವಳು ನಾನೇ. ಹೋದ ವಾರ ನೇಪಾಳದ ವರದಿಯ ಕರಡು ಕೊಟ್ಟರು. ಅಲ್ಲಿ ಪರೀಕ್ಷೆಗೆಂದು ತೋಡಿದ ಗುಂಡಿಯಲ್ಲಿ ಏಳು ಅಡಿಯವರೆಗೂ ಒದ್ದೆ ಕಪ್ಪು ಜೇಡಿಮಣ್ಣು, ಅದರ ಕೆಳಗೆ ಮಾತ್ರ ಗಟ್ಟಿ ನೆಲ ಎಂದು ಬರೆದಿತ್ತು. ಪಾಯದ ಆಳ ಎಂಟು ಅಡಿ ಎಂದು ಬರೆದು, ಅದನ್ನು ಹೊಡೆದುಹಾಕಿ, ಮೂರು ಅಡಿ ಎಂದು ಮಾಡಿದ್ದರು.

"ಇದ್ಯಾಕೆ ಹೊಡೆದ್ರಿ?" ಎಂದು ಕೇಳಿದೆ.

"ಎಂಟು ಅಡಿ ಅಂದ್ರೆ ಮಳೆಗೆ ಮುಂಚೆ ಆಗಲ್ಲ. ಕಮಿಟಿಯವರಿಗೆ ವೈಶಾಖದ ಮುಹೂರ್ತವೇ ಬೇಕು. ನೀನೂ ಅಷ್ಟು ಆಸೆ ಪಟ್ಟೆ."

"ಮೂರು ಅಡಿ ಸಾಲುತ್ತಾ?"

"ಭೂಕಂಪ ಆಗದಿದ್ರೆ ಸಾಲುತ್ತೆ."

ಸಭಿಕರೇ, ಭೂಕಂಪಕ್ಕೆ ಹೆದರಿಯೇ ಅಲ್ಲವೇ ನಾವು ಇವರನ್ನು ಹುಡುಕಿದ್ದು? ಸಾವಿರದ ಒಂಬೈನೂರ ಮೂವತ್ನಾಲ್ಕರ ಭೂಕಂಪದಲ್ಲಿ ಅಲ್ಲಿ ಮನೆಗಳು ಕುಸಿದಿದ್ದು ನಮಗೆಲ್ಲ ಗೊತ್ತಲ್ಲವೇ? ಹೆರಿಗೆಯಾದ ಹೆಂಗಸು ಎದ್ದು ಓಡುವಳೇ? ಪಕ್ಕದಲ್ಲಿ ಮಲಗಿದ ಕೂಸು ಓಡುವುದೇ? ಇವರು ಯಾರ ಮಾತಿಗೂ ಬಗ್ಗುವವರಲ್ಲ. ನನ್ನ ಮಾತಿಗೆ ಬಗ್ಗಿದರು. ದಿನಾ ಊಟದ ಹೊತ್ತಿಗೆ "ವೈಶಾಖಕ್ಕೇ ಒಪ್ಪಿಕೊಳ್ಳಿ, ಒಪ್ಪಿಕೊಳ್ಳಿ" ಎಂದು ಪೀಡಿಸಿದ್ದು ನಾನೇ. ನಗುನಗುತ್ತಲೇ ಪೀಡಿಸಿದೆ. ಅದಕ್ಕೇ ಅವರಿಗೆ ಇಲ್ಲವೆನ್ನಲು ಆಗಲಿಲ್ಲ.

ಮಳೆ ಮುಗಿದು, ಮಾರ್ಗಶಿರದಲ್ಲಿ ಶುರು ಮಾಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಖಂಡಿತ ಮಾಡಬಹುದು. ಆಗ ನಾನು ರೈಲು ಹತ್ತುವ ಸ್ಥಿತಿಯಲ್ಲಿ ಇರುವುದಿಲ್ಲ, ಅಷ್ಟೇ. ಡಾಕ್ಟರು ಹೇಳಿದ ತಿಂಗಳೂ ಅದೇ... ಅಯ್ಯೋ! ಇದನ್ನು ನಮ್ಮ ಅತ್ತೆಗೇ ಇನ್ನೂ ಬರೆದಿಲ್ಲ. ದಯವಿಟ್ಟು ಚಪ್ಪಾಳೆ ಬೇಡ, ನನಗೆ ಅಳು ಬರುತ್ತದೆ.

ಹೆರಿಗೆಯ ದಿನ ಇವರು ನನ್ನ ಹತ್ತಿರ ಇರಲಿ ಎಂಬ ಆಸೆ ನನಗಿಲ್ಲವೇ? ಬಹಳ ಇದೆ. ಆದರೂ ಅಧ್ಯಕ್ಷರೇ, ವೈಶಾಖದ ಮುಹೂರ್ತವನ್ನು ಕೈಬಿಡಿ. ಮಾರ್ಗಶಿರದಲ್ಲಿ ಇವರೊಬ್ಬರೇ ಹೋಗಿ ಎಂಟು ಅಡಿ ಅಗೆಸಲಿ. ಪೂಜೆಗೆ ಆ ಊರಿನದೇ ಒಂದು ಜೋಡಿ ಕೂರಲಿ. ಹೆರಿಗೆಗೆ ನನಗೆ ಇಲ್ಲಿ ನೀವಿಷ್ಟು ಜನ ಇದ್ದೀರಿ. ಅಲ್ಲಿ ಮಲಗುವವರಿಗೆ ಇರುವುದು ಆ ಪಾಯ ಮಾತ್ರ.

ಇವರನ್ನು ಕೇಳದೆ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. ಕೋಪವೋ, ಸಮಾಧಾನವೋ, ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ.

ಅಧ್ಯಕ್ಷರು ತಲೆಯಾಡಿಸಿದರು! ಎಲ್ಲರೂ ನೋಡಿದಿರಲ್ಲ? ಇನ್ನು ಬದಲಾಯಿಸುವಂತಿಲ್ಲ.

ಬೀಳ್ಕೊಡಲು ಬಂದ ತಮಗೆಲ್ಲ, ಇಲ್ಲೇ ಉಳಿಯುವವಳ ಕೃತಜ್ಞತೆಗಳು. ನಮಸ್ಕಾರ.